ಒಂದು ತೂತಿನ ಲೆಕ್ಕ

ಮೇ ತಿಂಗಳು, ಚುನಾಭಟ್ಟಿ.
ಮದುಮಗಳ ಮೂಗುತಿಗೆ ಇನ್ನೇನು ಹೊಳಪು ಕೊಡಬೇಕು,
ಅಷ್ಟರಲ್ಲಿ ಮತ್ತೆ ಆರಿಹೋಯಿತು ಕಂಪ್ಯೂಟರು.
ಅಂಗೈ ಇಟ್ಟು ನೋಡಿದೆ: ದೋಸೆ ಹಂಚು.
ಲ್ಯಾಮಿಂಗ್ಟನ್ ರೋಡಿನ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ,
ಸುತ್ತಲೂ ತಗಡು, ಮುಂದೆ ಹೆಸರಿಗೊಂದು ಜಾಲರಿ.
ಇದರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ,
ನನ್ನ ಖೋಲಿಗೂ ಕಿಟಕಿಯಿಲ್ಲ.

ನಾಗದೇವಿ ಗಲ್ಲಿಯಲ್ಲಿ ಜುಜರ್ ಭಾಯಿಯ ಅಂಗಡಿ.
ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಬೀದಿಯಲ್ಲಿ.
ಫ್ಯಾನು ನೂರಿಪ್ಪತ್ತು, ತೂತು ನೂರಹದಿನೈದು, ಎಂದೆ.
ಗಾಜಿನ ಮೇಲೆ ಒಂದೊಂದಾಗಿ ಇಟ್ಟರು.

ಹೋಲ್ ಸಾ. ಹಲ್ಲುಗಳ ಕಿರೀಟ.
ಒಂದೇ ಉಸಿರಿಗೆ ಹುಣ್ಣಿಮೆ ಕೊರೆಯುತ್ತದೆ,
ಹಗುರ ಡ್ರಿಲ್ಲಿಗೆ ಹಾಕಿದರೆ ಮಾತ್ರ
ತಗಡು ನಿಲ್ಲುತ್ತದೆ, ಮಣಿಕಟ್ಟು ತಿರುಗುತ್ತದೆ.
ಬೆಲೆ? ಒಂದು ಮದುವೆ, ಒಂದು ಸೀಮಂತ.

ಜಿಗ್ ಸಾ. ತಾನೂ ಕುಣಿದು ತಗಡನ್ನೂ ಕುಣಿಸುತ್ತದೆ,
ಗೋಡೆಯಾಚೆ ರಾತ್ರಿಪಾಳಿಯವರು ಮಲಗಿರುತ್ತಾರೆ.

ನಿಬ್ಲರ್. ಅದು ಕೊರೆಯುವುದಿಲ್ಲ, ಮೆಲ್ಲುತ್ತದೆ,
ಉಗುರಿನಂಥ ಚೂರುಗಳನ್ನು ಉಗುಳುತ್ತ.
ನನಗೆ ಇಷ್ಟವಾಯಿತು. ತಿರುಗಿಸಿ ಬೆಲೆಚೀಟಿ ನೋಡಿ
ಮತ್ತೆ ಅದೇ ಜಾಗದಲ್ಲಿ ಇಟ್ಟೆ.

ರೋಟರಿ. ಹಪ್ಪಳದಷ್ಟು ತೆಳ್ಳಗಿನ ಪುಟ್ಟ ಚಕ್ರಗಳು,
ಹಪ್ಪಳದ ಹಾಗೇ ಮುರಿಯುತ್ತವಂತೆ.

ಕನ್ನಡಕ ತೆಗೆದು ಜುಜರ್ ಭಾಯಿ ಕೇಳಿದರು:
“ಈ ಜನ್ಮದಲ್ಲಿ ಎಷ್ಟು ತೂತು ಕೊರೆಯಬೇಕು, ಬಹೆನ್?”
ಒಂದು.
“ಹಾಗಾದರೆ ಅರವೊಂದು ಸಾಕು. ಉಳಿದದ್ದು
ನಿಮ್ಮ ಚಾಳಿನಲ್ಲಿ ಯಾರ ಬಳಿಯಾದರೂ ಇದ್ದೇ ಇರುತ್ತದೆ.”
ಮಾರುವವರ ಬಾಯಲ್ಲಿ ಈ ಮಾತು!
ತೊಂಬತ್ತು ರೂಪಾಯಿಯ ಅರ, ಗುಜರಾತಿ ಪೇಪರಿನಲ್ಲಿ ಸುತ್ತಿ,
ಲೋಕಲ್ಲಿನಲ್ಲಿ ಯಾರಿಗೂ ಚುಚ್ಚದಂತೆ ತಂದೆ.

ಇದ್ದದ್ದು ಮಾಳಿಗೆಯ ಸಾಯಬಣ್ಣನ ಬಳಿ.
ಯಾದಗಿರಿ ಕಡೆಯವ, ಮಾಲುಗಳಿಗೆ ಎಸಿ ಡಕ್ಟು ಮಡಿಸುವವ.
ಚೀಲದಿಂದ ಮೂರು ಕತ್ತರಿ ತೆಗೆದ:
ಕೆಂಪು ಹಿಡಿ ಎಡಕ್ಕೆ, ಹಸಿರು ಬಲಕ್ಕೆ, ಹಳದಿ ನೆಟ್ಟಗೆ.
“ನೆಟ್ಟಗ ಹೋಗೂದು ಯಾವದಕ್ಕೂ ಬರ್ತದ ಅಕ್ಕಾ,
ದುಂಡಗ ಹೋಗಬೇಕಂದ್ರ ಕತ್ತರಿ ನೋಡಿ ಹಿಡೀಬೇಕು.
ಮೊದಲ ಇದರ ಕರುಳೆಲ್ಲಾ ತಗದಿಡ್ರಿ.
ಒಂದ ಚೂರು ಕಬ್ಬಿಣ ಒಳಗ ಉಳೀತಂದ್ರ
ನಿಮ್ಮ ಮದಿವಿ ಮುಗೀತು.”

ಹಾಸಿಗೆಯ ಮೇಲೆ ಬೋರ್ಡು, ಡಿಸ್ಕು, ತಂತಿಗಳು,
ಆಸ್ಪತ್ರೆಯ ಹಾಗೆ ಬಿಳಿ ಚಾದರದಲ್ಲಿ.
ಕೈವಾರ ಇರಲಿಲ್ಲ. ಮನೆಯ ದುಂಡುಗಳನ್ನೆಲ್ಲ ಅಳೆದೆವು:
ಲೋಟ ಸಾಲದು, ತಟ್ಟೆ ಹೆಚ್ಚು,
ಚಟ್ನಿಪುಡಿ ಡಬ್ಬಿಯ ಮುಚ್ಚಳ ನೂರಹದಿನಾಲ್ಕು.
“ಒಂದ ಮಿಲಿ ನಿಮ್ಮ ಅರಕ್ಕ ಬಿಡೂಣು” ಎಂದ.

ಟೇಪಿನ ಮೇಲೆ ಪೆನ್ಸಿಲ್ ಗೆರೆ, ನಡುವೆ ನಾಲ್ಕು ಚುಕ್ಕಿ ಡ್ರಿಲ್ಲು,
ಆಮೇಲೆ ಕೆಂಪು ಕತ್ತರಿ, ಎಡಕ್ಕೆ, ಎಡಕ್ಕೆ, ಎಡಕ್ಕೆ.
ಮೂಸಂಬಿ ಸಿಪ್ಪೆಯ ಹಾಗೆ ಸುರುಳಿ ಎದ್ದಿತು ತಗಡು.
ಒಮ್ಮೆ ಕೈ ಜಾರಿ ಗೆರೆ ದಾಟಿದ.
ಇಬ್ಬರೂ ಅದನ್ನು ನೋಡಲಿಲ್ಲ.

ಅರ ಹಾಕುವ ಕೆಲಸ ನನ್ನದು.
ಒಂದು ಮಿಲಿಗೆ ಒಂದೂವರೆ ಗಂಟೆ.
ಅಂಚಿಗೆ ಹಳೆ ಸೈಕಲ್ ಟ್ಯೂಬು ಸೀಳಿ ತೊಡಿಸಿದೆವು,
ಅಷ್ಟರಲ್ಲಿ ಹೆಬ್ಬೆರಳು ಒಮ್ಮೆ ಕುಯ್ದುಕೊಂಡಾಗಿತ್ತು.

ಕಳಚಿಬಿದ್ದ ಬಿಲ್ಲೆಯನ್ನು ಮೋರಿಯ ಇಲಿಬಿಲಕ್ಕೆ ಇಟ್ಟೆ.
ಬೆಳಗ್ಗೆ ನೋಡಿದರೆ ಪಕ್ಕದಲ್ಲೇ ಹೊಸ ಬಿಲ,
ನಮ್ಮದಕ್ಕಿಂತ ದುಂಡಗೆ.

ಈಗ ರಾತ್ರಿ ಮೂರು. ಫ್ಯಾನು ತಿರುಗುತ್ತಿದೆ.
ಆಲ್ಬಮ್ಮಿನ ಮೂವತ್ತನೇ ಪುಟ, ಆರಿಲ್ಲ.
ಒಳಗಿದ್ದ ಧಗೆಯೆಲ್ಲ ಹೊರಬಂದು
ನನ್ನ ಮೊಣಕಾಲಿಗೆ ಬಡಿಯುತ್ತಿದೆ.
ಸಾಯಬಣ್ಣನಿಗೆ ಹೇಳಿದರೆ ನಕ್ಕಿದ್ದ:
“ಮಾಲಿನ್ಯಾಗೂ ಹಂಗ ಅಕ್ಕಾ. ಒಳಗಿಂದು ಹೊರಗ ಒಗೀತೀವಿ.
ಹೊರಗ ಯಾರರೆ ನಿಂತೇ ಇರ್ತಾರ.”

ಕಾಲು ಸ್ವಲ್ಪ ಸರಿಸಿ ಕೂತೆ.
ಮದುಮಗಳ ಮೂಗುತಿ ಬಾಕಿ ಇದೆ.