ಇನ್ನೂ ಸ್ವಲ್ಪ

ಮೂವತ್ತೊಂದು ವರ್ಷ ಈ ಇಳಿಜಾರಿನಲ್ಲಿ ನಾನು ಹಿಂದಕ್ಕೇ ಓಡಿಸಿದ್ದೇನೆ.
ಟ್ರಕ್ಕಿನ ಬೆನ್ನಿಗೆ ಟ್ರೇಲರ್, ಟ್ರೇಲರಿನ ಮೇಲೆ ದೋಣಿ,
ದೋಣಿಯಾಚೆ ಸುಪೀರಿಯರ್ ಸರೋವರ.
ನಸುಕಿನ ನಾಲ್ಕಕ್ಕೆ ಅದು ಕಾಣುವುದಿಲ್ಲ,
ಉಸಿರಾಡುವುದಷ್ಟೇ ಕೇಳುತ್ತದೆ.

ಬಲಗಡೆಯ ಕನ್ನಡಿಯಲ್ಲಿ ವೈನೋ.
ವೈನೋ ಅಂದರೆ ಪೂರ್ತಿ ವೈನೋ ಅಲ್ಲ:
ಒಂದು ಕಿತ್ತಳೆ ತೋಳು, ಅದರ ತುದಿಗೆ ಒಂದು ಕೈಗವಸು.
ಬಾ, ಅನ್ನುತ್ತದೆ. ಎಡಕ್ಕೆ, ಅನ್ನುತ್ತದೆ.
(ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗು ಬಲಕ್ಕೆ.
ಮದುವೆಯಾದ ಹೊಸತರಲ್ಲಿ ಇದನ್ನು ಕಲಿಯುವಾಗ
ಎರಡು ಸಲ ವಿಚ್ಛೇದನದ ಮಾತು ಬಂದಿತ್ತು.)
ಕೊನೆಗೆ, ಚಕ್ರ ನೀರು ಮುಟ್ಟುವ ಹೊತ್ತಿಗೆ,
ಕೈಗವಸು ಸಣ್ಣಗೆ ಅಲುಗುತ್ತದೆ:
ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ.

ಅಷ್ಟು ಕಾಣುವುದಕ್ಕೂ ಈಚೆಗೆ ಕಷ್ಟ.
ಹಿಂದಿನ ದೀಪಗಳೆರಡೂ ತಣಿದ ಚಹಾದ ಬಣ್ಣಕ್ಕೆ ತಿರುಗಿ
ಬೆಳಕು ಬಂಪರು ದಾಟುವಷ್ಟರಲ್ಲಿ ಸುಸ್ತಾಗಿ ಕೂರುತ್ತಿತ್ತು.
ಅಕ್ಟೋಬರಿನಲ್ಲಿ ಪಕ್ಕದ ಮನೆಯ ಕಂಗಾಸನ ಅಂಚೆಡಬ್ಬಿ ಕೆಡವಿದೆ.
ಅದೇ ಡಬ್ಬಿ. ಮೂರನೆಯ ಸಲ.
ಕಂಗಾಸ್ ಏನೂ ಅನ್ನಲಿಲ್ಲ; ಕಂಬಕ್ಕೆ ಕೆಂಪು ಬಣ್ಣ ಬಳಿದ.

ಬಿಡಿಭಾಗದ ಅಂಗಡಿಯ ಹುಡುಗ ಎರಡು ಎಲ್‌ಇಡಿ ಬಲ್ಬು ಕೊಟ್ಟ,
ಮೂವತ್ತನಾಲ್ಕು ಡಾಲರು.
"ಚಂದ್ರನನ್ನೇ ಬೆನ್ನಿಗೆ ಕಟ್ಟಿಕೊಂಡು ಹೋದ ಹಾಗೆ, ಅಜ್ಜಿ" ಅಂದ.
ಅಜ್ಜಿ ಅಂದಿದ್ದಕ್ಕೆ ನಾಲ್ಕು ಡಾಲರು ಬಿಡು, ಅಂದೆ.
ಬಿಡಲಿಲ್ಲ.

ಶನಿವಾರ, ಶೆಡ್ಡಿನಲ್ಲಿ.
ಒಂದು ತಿರುಪು ಸಲೀಸಾಗಿ ಬಂತು. ಇನ್ನೊಂದಕ್ಕೆ
ಎಣ್ಣೆ ಬಿಟ್ಟು, ಕಾಫಿ ಕುಡಿದು, ಬೈದು, ಮತ್ತೆ ಎಣ್ಣೆ ಬಿಟ್ಟು...
ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ ಉಪ್ಪೆಲ್ಲ ಅದರೊಳಗೇ ಮನೆ ಮಾಡಿತ್ತು.
ಗಾಜಿನ ಒಳಗೆ ಒಂದು ಒಣಗಿದ ನೊಣ, ಯಾವ ಬೇಸಿಗೆಯದೋ.
ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ ಎಳೆದರೆ
ಹಳೆಯ ಬಲ್ಬು ಕೈಗೆ ಬಂತು, ಹೊಟ್ಟೆಯಲ್ಲಿ ಕಪ್ಪು ಹೊಗೆ.

ಎಡಗಡೆಯದು ಉರಿಯಿತು. ಬಲಗಡೆಯದು ಇಲ್ಲ.
ವೈನೋ ಒಳಗೆ ಕೂತು, ಬ್ರೇಕು ತುಳಿದು, ರಿವರ್ಸ್ ಗೇರು ಹಾಕಿ
"ಬಂತಾ? ಬಂತಾ?" ಅಂತ ಕೂಗುತ್ತಿದ್ದ,
ಕಿವಿ ಮಂದವಾದವರ ದೊಡ್ಡ ದನಿಯಲ್ಲಿ.
ಕಿತ್ತು, ಬರೀ ಮಗ್ಗುಲು ಬದಲಿಸಿ, ಮತ್ತೆ ಹಾಕಿದೆ.
ಬಂತು.
ಗೋಡೆಗೆ ತೂಗಿದ ಗರಗಸದ ಒಂದೊಂದು ಹಲ್ಲೂ ಎಣಿಸಬಹುದಿತ್ತು.

ಸೋಮವಾರ ನಸುಕು. ಸಣ್ಣ ಹಿಮ.
ಗೇರು ಹಾಕಿದೆ; ಇಳಿಜಾರು ಪೂರ್ತಿ ಎದ್ದು ನಿಂತಿತು:
ಕಾಂಕ್ರೀಟಿನ ಗೀರು, ಯಾರೋ ಬಿಟ್ಟುಹೋದ ಬಕೆಟ್ಟು,
ನೀರಿನ ಅಂಚಿಗೆ ಕಟ್ಟಿದ ತೆಳು ಮಂಜುಗಡ್ಡೆ,
ಮತ್ತು ವೈನೋ, ಪೂರ್ತಿ, ಗಡ್ಡ ಸಮೇತ,
ಕಣ್ಣು ಕಿರಿದು ಮಾಡಿಕೊಂಡು.
ನಾನಿನ್ನೂ ಅರ್ಧ ದಾರಿಯಲ್ಲಿದ್ದೆ.
ಆಗಲೇ ಕೈಗವಸು ಅಲುಗುತ್ತಿತ್ತು.
ಅವನು ಏನೂ ಹೇಳುತ್ತಿರಲಿಲ್ಲ. ಕೈ ಕೆಳಗಿತ್ತು, ತೊಡೆಯ ಪಕ್ಕ,
ತನ್ನ ಪಾಡಿಗೆ ತಾನು ಅಲುಗುತ್ತಿತ್ತು.

ಎಷ್ಟು ವರ್ಷದಿಂದ ಅದನ್ನು ನಾನು ಮಾತೆಂದು ಓದಿದ್ದೆ?
ಓದಿ, ಎಷ್ಟು ಸರಿಯಾಗಿ ನಿಲ್ಲಿಸಿದ್ದೆ?

ದೋಣಿ ತೇಲಿತು. ಹಗ್ಗ ಹಿಡಿದು ಬಂದು ಕಿಟಕಿ ತಟ್ಟಿದ:
"ಕಣ್ಣು ಕುಕ್ಕುತ್ತೆ ಮಾರಾಯ್ತಿ. ಇಷ್ಟು ಬೆಳಕಿದ್ದರೆ ನಾನ್ಯಾಕೆ ಬೇಕು?"
"ನೀರೆಷ್ಟು ಆಳ ಅಂತ ಬಲ್ಬಿಗೆ ಗೊತ್ತಾ?" ಅಂದೆ.

ಮಂಗಳವಾರ ಬಲಗೈ ಜೇಬಿನಲ್ಲಿತ್ತು.
ಎಡಗೈಯಲ್ಲಿ ಬಾ ಅಂದ, ಬೇರೆ ಯಾರದೋ ಅಕ್ಷರದ ಹಾಗೆ;
ನಾನು ತಪ್ಪು ಓದಿ ದಂಡೆಯ ರಬ್ಬರಿಗೆ ಟ್ರೇಲರ್ ತಾಗಿಸಿದೆ.
ಇಬ್ಬರೂ ಆ ರಬ್ಬರನ್ನೇ ಬೈದೆವು, ಬಹಳ ಹೊತ್ತು.

ಹಳೆಯ ಬಲ್ಬುಗಳು ಕಾಫಿ ಡಬ್ಬಿಯಲ್ಲಿವೆ.
ಒಂದು ಇನ್ನೂ ಉರಿಯುತ್ತದೆ, ನೋಡಿದ್ದೇನೆ.