ಹನಿಗೂ ಕೇಳಿಸದಂತೆ

ಹಳೆಯ ತಂತಿಯ ಪ್ಲಗ್ಗಿನೊಳಗೆ
ಒಂದೇ ಒಂದು ಹನಿ ಉಪ್ಪುನೀರು ಹೊಕ್ಕು
ಎರಡು ಸ್ಟ್ರೋಬೂ ಕುರುಡಾದವು, ಲೆಂಬೆಯ ಕರಿಮರಳಲ್ಲಿ.

ಕೆಟ್ಟುಕೂತ ಕ್ಯಾರಿಯೋಕೆ ಪೆಟ್ಟಿಗೆಯಿಂದ ನೋಲ್ದಿ
ಬೆಳಕಿನೆಳೆಯ ಕೇಬಲ್ಲು ಕಿತ್ತ.
ಬ್ಲೇಡಿನ ಒಂದೇ ಏಟು, ತುದಿ ಕಣ್ಣಾಯಿತು.
"ನನ್ನ ಹಾಡೆಲ್ಲ ಇದರಲ್ಲೇ ಹರೀತಿತ್ತು,"
ಡೇಸ್ಕೆ ಗೊಣಗಿದಳು.
"ಹಾಡಲ್ಲ ಮಾರಾಯ್ತಿ. ಆಗಲೂ ಬೆಳಕೇ."

ಇಪ್ಪತ್ತೆರಡು ಮೀಟರು ಕೆಳಗೆ
ಕ್ಯಾಮೆರಾದ ಪುಟ್ಟ ಫ್ಲ್ಯಾಶಿಗೆ ಕಪ್ಪು ಟೇಪಿನ ಮುಸುಕು:
ಅದು ಮೀನಿಗೆ ಕಾಣಬೇಕಿಲ್ಲ,
ಎಳೆಯ ಕಿವಿಯಲ್ಲಿ ಪಿಸುಗುಟ್ಟಿದರೆ ಸಾಕು.
ಸುತ್ತ ಇಡೀ ಕಡಲು;
ಒಂದು ಹನಿಗೂ ಕೇಳಿಸದು.

ಒತ್ತಿದ.
ಕೂದಲು ಕಪ್ಪೆಮೀನಿನ ಮೈಗೆ
ಕಿತ್ತಳೆ ಬಂತು,
ಹೋಯಿತು.

ಸಂಜೆ ಡೇಸ್ಕೆ ಪಾತ್ರೆ ತೊಳೆಯುತ್ತ
ಪೆಟ್ಟಿಗೆಯಿಲ್ಲದೆಯೇ ಹಾಡಿದಳು,
ನಡುವೆ ಒಂದು ಸಾಲು ಮರೆತು.