ಏಳನೆಯ ಸದ್ದು

ಬೆಳಿಗ್ಗೆ ಹನ್ನೊಂದು ಎಣಿಸಿ ಕೊಡುತ್ತೇನೆ,
ಸಂಜೆ ಹನ್ನೊಂದು ಎಣಿಸಿ ಪೆಟ್ಟಿಗೆಗಿಟ್ಟು ಬೀಗ ಜಡಿಯುತ್ತೇನೆ.
ಇಷ್ಟೇ ನನ್ನ ಕಸುಬು.
ಸಿನಿಮಾದವರು ಇದಕ್ಕೊಂದು ದೊಡ್ಡ ಹೆಸರಿಟ್ಟಿದ್ದಾರೆ;
ನನ್ನ ಹೆಂಡತಿ ಅರ್ಶಾಲುಯ್ಸ್ ಮಾತ್ರ
'ಬೊಂಬೆ ಕಾಯುವವನು' ಅನ್ನುತ್ತಾಳೆ.

ಹತ್ತಿರದಿಂದ ತೋರಿಸಲು ಕಬ್ಬಿಣದ್ದು ಮೂರು.
ಸೊಂಟಕ್ಕೆ ಸಿಕ್ಕಿಸಿ ಸುಮ್ಮನೆ ನಿಲ್ಲುವವರಿಗೆ
ಮರದ್ದು, ಕಪ್ಪು ಬಳಿದದ್ದು.
ಓಡುವವರಿಗೂ ಬೀಳುವವರಿಗೂ ರಬ್ಬರಿನದು:
ಮೆಟ್ಟಿಲ ಮೇಲೆ ಬಿದ್ದರೆ ಚೆಂಡಿನಂತೆ ಪುಟಿಯುತ್ತದೆ.
ಆ ಪುಟಿತವನ್ನು ಕತ್ತರಿಸಿ ಎಸೆಯಲು
ಪ್ಯಾರಿಸ್ಸಿನಲ್ಲಿ ಬೇರೊಬ್ಬನಿದ್ದಾನೆ.

ಮಾರ್ಸೇಯ್ ಬಂದರಿನ ಮೇಲಿನ ಪಾನಿಯೆ ಓಣಿಗಳು, ಎಪ್ಪತ್ತನಾಲ್ಕರ ಮೇ.
ಮುಂದೆ ಕಳ್ಳ, ಕೈಚೀಲದಲ್ಲಿ ಹಳೆ ಪತ್ರಿಕೆಗಳು.
ಹಿಂದೆ ಪೊಲೀಸಿನವನಾಗಿ ರೆಜಿಸ್,
ಮಂಡಿನೋವು, ಮಡದಿಯ ಫೋನು, ಎರಡೂ ಅವನ ಹಿಂದೆ.
ನಿರ್ದೇಶಕ ಕೇಳಿದ್ದು ಒಂಬತ್ತು ಸದ್ದು.
ಇದಕ್ಕಿರುವುದು ಆರು ತೂತು, ಅಂದೆ.
ನಕ್ಕ. 'ವಾಹ್ರಾಂ, ಟಿಕೆಟ್ಟು ಕೊಂಡವನು ಎಣಿಸುವುದಿಲ್ಲ.'

ಹಾಗಾಗಿ ನಾನೇ ನಿಂತೆ, ಮೀನುಬುಟ್ಟಿಗಳ ಹಿಂದೆ,
ಅದರ ಅವಳಿಯನ್ನು ಹಿಡಿದು.
ಆರನೆಯದು ಢಂ ಎಂದದ್ದೇ ರೆಜಿಸ್ ಕೈ ಹಿಂದೆ ಚಾಚಿದ,
ಖಾಲಿಯದನ್ನು ಕೊಂಡೆ, ತುಂಬಿದ್ದನ್ನು ಇಟ್ಟೆ.
ಉಸಿರೆಳೆಯುವಷ್ಟೂ ಬಿಡುವಿಲ್ಲ.
ಚೆನ್ನಾಗಿ ಮಾಡಿದೆ.
ಎಲ್ಲರೂ ಬೆನ್ನು ತಟ್ಟಿದರು.

ಮದ್ದಿತ್ತು, ಸೀಸವಿರಲಿಲ್ಲ.
ಕುದುರೆ ಎಳೆದರೆ ಬೆಂಕಿ, ಹೊಗೆ, ಸುಟ್ಟ ಕಾಗದದ ಚೂರು,
ಹತ್ತು ಹೆಜ್ಜೆ ದೂರ ನಿಂತವನಿಗೆ ಮೈಯೆಲ್ಲ ಕ್ಷೇಮ.
ಓಣಿಯ ಬಾಗಿಲುಗಳಿಗೆಲ್ಲ ಚೀಟಿ ಅಂಟಿಸಿದ್ದರು:
ಹೆದರಬೇಡಿ, ಚಿತ್ರೀಕರಣ.
ಚೀಟಿ ಫ್ರೆಂಚಿನಲ್ಲಿತ್ತು.

ಮೂರನೆಯ ಅಂತಸ್ತಿನಿಂದ ಒಂದು ಒದ್ದೆ ಹಾಸುಬಟ್ಟೆ
ನಿಧಾನ ಜಾರಿ ಓಣಿಗೆ ಬಿತ್ತು. ಮೇಲೆ ಯಾರೂ ಬಗ್ಗಿ ನೋಡಲಿಲ್ಲ.
ಬಟ್ಟೆ ಹೆಗಲಿಗೆ ಹಾಕಿಕೊಂಡು ಹತ್ತಿದೆ.

ತಸಾದಿತ್, ಕಬೀಲಿಯಾದ ಬೆಟ್ಟದವಳು.
ಮಂಚದ ಕೆಳಗಿಂದ ಮೊದಲು ಎರಡು ಮಕ್ಕಳು ಬಂದವು,
ಆಮೇಲೆ ಅವಳು,
ಹಲ್ಲುಗಳ ನಡುವೆ ಬಟ್ಟೆ ಸಿಕ್ಕಿಸುವ ಮರದ ಕ್ಲಿಪ್ಪು,
ಕಚ್ಚಿ ಎರಡು ಸೀಳಾಗಿತ್ತು.
ಸುಳ್ಳು, ಎಲ್ಲ ಸುಳ್ಳು, ಅಂದೆ.
ಆರು ಖಾಲಿ ತೋಟಾಗಳನ್ನು ಅಂಗೈಯಲ್ಲಿ ತೋರಿಸಿದೆ.
ಒಂದನ್ನೆತ್ತಿ ಮೂಸಿದಳು.

'ಒಂಬತ್ತು ಕೇಳಿಸಿತು.'

ಅವಳ ಫ್ರೆಂಚ್ ನನ್ನ ಅಪ್ಪನದಷ್ಟೇ ಹರಕು;
ಅಲೆಪ್ಪೊದಿಂದ ಹಡಗಿಳಿದವನದು.
ಆದರೂ ತಿಳಿಯಿತು:
'ಆಗ, ಅಲ್ಲಿ, ಒಬ್ಬನ ಕೈಯಲ್ಲಿ ಇಂಥದ್ದೇ ಇತ್ತು.
ಆರಾದ ಮೇಲೆ ತುಂಬಿಕೊಳ್ಳುತ್ತಾನೆ. ಆಗ ಓಡಬೇಕು.
ಹಾಗೆ ಓಡಿಯೇ ನಾನು ಉಳಿದದ್ದು.
ಇವತ್ತೂ ಎಣಿಸಿದೆ. ಆರಾಯಿತು. ಮಕ್ಕಳ ಕೈ ಹಿಡಿದೆ, ಎದ್ದೆ.
ನಿನ್ನವನು ತುಂಬಲೇ ಇಲ್ಲ.'

ತುಂಬಿದ್ದು ನಾನು, ಎನ್ನಲಿಲ್ಲ.
ಬಟ್ಟೆ ಕುರ್ಚಿಯ ಮೇಲಿಟ್ಟೆ, ಮೀನಿನ ವಾಸನೆ ಹತ್ತಿತ್ತು.
ಚಿಕ್ಕವನು ತೋಟಾ ಕೇಳಿದ. ಕೊಡಲಿಲ್ಲ. ನಿಯಮ.
ಕೆಳಗೆ ಬಂದು ಲೆಕ್ಕದ ಪುಸ್ತಕದಲ್ಲಿ ಬರೆದೆ:
ಸಿಡಿದದ್ದು ಒಂಬತ್ತು, ಉಳಿದದ್ದು ಮೂವತ್ತೊಂದು, ನಷ್ಟವಿಲ್ಲ.
ಮದ್ದಿಗೆ ಮದ್ದಿಲ್ಲ,
ಬರೆಯಲು ಅದಕ್ಕೊಂದು ಕಾಲಂ ಕೂಡ ಇಲ್ಲ.

ಚಳಿಗಾಲಕ್ಕೆ ಚಿತ್ರ ಬಂತು. ನಾವಿಬ್ಬರೂ ಹೋದೆವು.
ಬಂದರು ಸುಂದರವಾಗಿತ್ತು,
ರೆಜಿಸ್‌ಗೆ ಮಂಡಿ ನೋಯುತ್ತಿರಲಿಲ್ಲ.
ಮೇಲಿನ ಕಿಟಕಿಯೊಂದರಲ್ಲಿ, ಅರೆಗಳಿಗೆ, ಒಂದು ಬಿಳಿ ಬಟ್ಟೆ.
ಒಂದು. ಎರಡು. ಪಕ್ಕದವನು ಕಡಲೆ ಜಗಿಯುತ್ತಿದ್ದ.
ಐದು. ಆರು.
ಕತ್ತಲಲ್ಲಿ ನನ್ನ ಹಿಮ್ಮಡಿ ತಾನಾಗಿ ನೆಲ ಬಿಟ್ಟಿತು,
ಕುರ್ಚಿಯಿಂದ ಅರ್ಧ ಎದ್ದಿದ್ದೆ.

ಏಳು.

ಏನಾಯ್ತು, ಅಂದಳು ಅರ್ಶಾಲುಯ್ಸ್, ತೋಳು ಹಿಡಿದು.
ಏನಿಲ್ಲ, ಕಾಲು ಜೋಮು, ಅಂದೆ.
ಕೂತೆ.
ಇನ್ನೂ ಎರಡಿದ್ದವು.